ಕಚ್ಚಿಕೊಂಡಿದ್ದ ಡಿಸ್ಕ್ ಬಿಡಿಸಿ ಹೊಸದನ್ನು ಕೂರಿಸಿದ್ದು: ಬ್ರೇಕ್ ಡಿಸ್ಕ್ ಮತ್ತು ಪ್ಯಾಡ್ ಕಿಟ್‌ನ ವಿಮರ್ಶೆ, ಆರು ತಿಂಗಳ ನಂತರ

ನನ್ನ ಕಾರಿಗೆ ಈಗ 14 ವರ್ಷ. ಅದರ ಮುಂದಿನ ಎರಡು ಚಕ್ರಗಳ ಬ್ರೇಕ್ ಡಿಸ್ಕುಗಳನ್ನೂ ಪ್ಯಾಡುಗಳನ್ನೂ ಮನೆಯಲ್ಲೇ ಬದಲಾಯಿಸಿ ಆರು ತಿಂಗಳಾಗಿದ್ದು, ಈ ಅವಧಿಯಲ್ಲಿ ಗಾಡಿ 6,000 ಕಿಲೋಮೀಟರಿಗಿಂತ ತುಸು ಹೆಚ್ಚು ಓಡಿದೆ. ಹೊಸ ಡಿಸ್ಕ್ ಹಾಕಿದ ವಾರದಲ್ಲೇ ಬರೆಯುವ ವಿಮರ್ಶೆಯನ್ನು ನಾನು ಹೆಚ್ಚು ನಂಬುವುದಿಲ್ಲ, ಏಕೆಂದರೆ ಸರಿಯಾಗಿ ಕೂರದ ಡಿಸ್ಕ್ ಮೊದಲ ದಿನ ಏನನ್ನೂ ತೋರಿಸಿಕೊಳ್ಳುವುದಿಲ್ಲ. ಕೆಲವು ಸಾವಿರ ಕಿಲೋಮೀಟರ್ ಕಳೆದು, ಬ್ರೇಕ್ ಒತ್ತಿದಾಗ ಸ್ಟೀರಿಂಗ್ ನಡುಗಲು ಶುರುವಾದಾಗಲೇ ಅದರ ದೋಷ ಹೊರಬೀಳುತ್ತದೆ. ಆದ್ದರಿಂದ ಇಷ್ಟು ದಿನ ಕಾದು, ಮೊನ್ನೆ ಮತ್ತೊಮ್ಮೆ ಚಕ್ರ ಬಿಚ್ಚಿ ನೋಡಿ, ಆಮೇಲೆ ಬರೆಯಲು ಕುಳಿತೆ.

ನಾನು ಕೊಂಡದ್ದು ಕಾರು ತಯಾರಕರ ಕಿಟ್ ಅಲ್ಲ, ಬಿಡಿಭಾಗಗಳನ್ನಷ್ಟೇ ತಯಾರಿಸುವ ಬೇರೊಂದು ಕಂಪನಿಯದು. ಅದರ ಹೆಸರನ್ನು ಹೇಳುತ್ತಿಲ್ಲ. ನನ್ನ ದೂರುಗಳು ನನ್ನ ಕೈಗೆ ಬಂದ ಒಂದು ಪೆಟ್ಟಿಗೆಗೆ ಸಂಬಂಧಿಸಿದವು. ಮೆಚ್ಚುಗೆಯಾದರೋ ಈ ಬಗೆಯ ಯಾವುದೇ ಒಳ್ಳೆಯ ಕಿಟ್‌ಗೂ ಸಲ್ಲುವಂಥದು. ಪೆಟ್ಟಿಗೆಯಲ್ಲಿ ಇದ್ದದ್ದು ಗಾಳಿಯಾಡುವ ಬಗೆಯ ಎರಡು ಡಿಸ್ಕ್, ನಾಲ್ಕು ಪ್ಯಾಡ್, ಡಿಸ್ಕನ್ನು ಚಕ್ರ ಕೂರುವ ಹಬ್‌ಗೆ ಹಿಡಿದಿಡುವ ನಾಲ್ಕು ಸಣ್ಣ ಸ್ಕ್ರೂ, ಬೆರಳ ತುದಿಯಷ್ಟು ಗ್ರೀಸ್ ಇರುವ ಒಂದು ಪೊಟ್ಟಣ ಮತ್ತು ಭೂತಗನ್ನಡಿ ಬೇಡುವಷ್ಟು ಸಣ್ಣ ಅಕ್ಷರದ ಒಂದು ಚೀಟಿ. ಡಿಸ್ಕ್ ಮತ್ತು ಪ್ಯಾಡ್ ಎರಡಕ್ಕೂ ಬದಲಿ ಬ್ರೇಕ್ ಭಾಗಗಳ ವಿಶ್ವಸಂಸ್ಥೆಯ ನಿಯಮವಾದ ಇಸಿಇ ಆರ್ 90 ರ ಅನುಮೋದನೆಯ ಗುರುತಿತ್ತು. ಬದಲಿ ಬ್ರೇಕ್ ಭಾಗ ಕೊಳ್ಳುವಾಗ ನಾನು ಮೊದಲು ಹುಡುಕುವುದು ಅದನ್ನೇ. ಡಿಸ್ಕಿನ ಗುಣಮಟ್ಟದ ಬಗ್ಗೆ ನನಗೆ ಪೂರ್ಣ ತೃಪ್ತಿಯಿದೆ, ಪ್ಯಾಡಿನ ಬಗ್ಗೆ ಬಹುಮಟ್ಟಿಗೆ ಇದೆ, ಸ್ಕ್ರೂಗಳ ಬಗ್ಗೆ ಸ್ವಲ್ಪವೂ ಇಲ್ಲ. ಆದರೆ ಈ ವಿಮರ್ಶೆಯನ್ನು ಬರೆಯಲು ನಿಜವಾದ ಕಾರಣ ಬೇರೆಯೇ ಇದೆ: ಒಂದು ಹಂತದಲ್ಲಿ ಎಡಗಡೆಯ ಡಿಸ್ಕ್ ಸೊಟ್ಟಗಿದೆ ಎಂದು ತೀರ್ಮಾನಿಸಿ, ಅದನ್ನು ವಾಪಸು ಕಳಿಸಲು ಪೆಟ್ಟಿಗೆಗೆ ತುಂಬುವವರೆಗೂ ನಾನು ಹೋಗಿದ್ದೆ. ಆದರೆ ತಪ್ಪು ಡಿಸ್ಕಿನದಾಗಿರಲಿಲ್ಲ.

ಮೊದಲು ಹಳೆಯ ಡಿಸ್ಕಿನ ಸ್ಥಿತಿಯನ್ನು ಹೇಳಬೇಕು. ಮೂರು ತಿಂಗಳು ಮಳೆಯಲ್ಲಿ ನಿಂತಿದ್ದ ಗಾಡಿಯನ್ನು ಹೊರಡಿಸಿದಾಗ ಮುಂದಿನಿಂದ ಟಕ್ಕೆಂದು ಸದ್ದಾಗಿ, ತುಕ್ಕಿನಿಂದ ಅಂಟಿಕೊಂಡಿದ್ದ ಪ್ಯಾಡು ಬಿಟ್ಟುಕೊಂಡಿತು. ಚಕ್ರ ಬಿಚ್ಚಿ ನೋಡಿದರೆ ಡಿಸ್ಕಿನ ಹೊರ ಅಂಚಿನಲ್ಲಿ ಉಗುರಿಗೆ ತಡೆಯುವಷ್ಟು ಎತ್ತರದ ತುಕ್ಕಿನ ದಂಡೆ ಬೆಳೆದಿತ್ತು. ಪ್ಯಾಡ್ ಉಜ್ಜುವ ಮುಖದಲ್ಲಿ ಗುಂಡಿಗಳು ಬಿದ್ದಿದ್ದವು. ಡಿಸ್ಕಿನ ಮೇಲೆ ಅಚ್ಚೊತ್ತಿದ ಕನಿಷ್ಠ ದಪ್ಪ 20 ಮಿಲಿಮೀಟರ್. ಹೊಸದರ ದಪ್ಪ 22. ಮೈಕ್ರೋಮೀಟರ್ ಹಿಡಿದಾಗ ಬಲಗಡೆ 20.3, ಎಡಗಡೆ 19.8 ಬಂತು. ಒಂದೇ ಆಕ್ಸಲಿನ ಒಂದು ಕಡೆಗೆ ಮಾತ್ರ ಹೊಸದು ಹಾಕಿದರೆ ಬ್ರೇಕ್ ಒಂದು ಬದಿಗೆ ಎಳೆಯುವ ಅಪಾಯವಿರುವುದರಿಂದ, ಮತ್ತು ಹಳೆಯ ಪ್ಯಾಡಿನ ಸವೆದ ಮುಖ ಹೊಸ ಡಿಸ್ಕಿಗೆ ಹೊಂದುವುದಿಲ್ಲವಾದ್ದರಿಂದ, ಜೋಡಿಯನ್ನೇ ಬದಲಾಯಿಸುವುದು ಬಿಟ್ಟು ಬೇರೆ ದಾರಿಯಿರಲಿಲ್ಲ.

ಬಿಚ್ಚುವ ಕೆಲಸದ ಅರ್ಧ ಭಾಗ ಎಲ್ಲರಿಗೂ ಗೊತ್ತಿರುವುದೇ. ಹಿಂದಿನ ಚಕ್ರಗಳಿಗೆ ಅಡೆ ಇಟ್ಟು, ಜಾಕಿನಿಂದ ಎತ್ತಿ, ಗಾಡಿಯ ಭಾರವನ್ನು ಸ್ಟ್ಯಾಂಡಿನ ಮೇಲೆ ಇಳಿಸಿದ ಮೇಲೆಯೇ ಕೈಹಾಕಬೇಕು. ಮುಂದೆ ಸುತ್ತಿಗೆಯ ಏಟುಗಳಿರುವ ಕೆಲಸದಲ್ಲಿ ಬರೀ ಜಾಕನ್ನು ನಂಬುವುದು ಹುಚ್ಚುತನ. ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಬಿಚ್ಚಿದ ಮೇಲೆ ಅದನ್ನು ಬ್ರೇಕ್ ಹೋಸಿನಲ್ಲಿ ಜೋತು ಬಿಡದೆ ತಂತಿಯಿಂದ ಸ್ಪ್ರಿಂಗಿಗೆ ಕಟ್ಟಬೇಕು. ಹಳೆಯ ಪ್ಯಾಡಿನ ಧೂಳನ್ನು ಗಾಳಿ ಊದಿ ಹಾರಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಇಷ್ಟನ್ನೂ ಮಾಡಿ ಮುಗಿಸಲು ಪ್ರತಿ ಬದಿಗೆ ಅರ್ಧ ಗಂಟೆಯೂ ಬೇಕಾಗಲಿಲ್ಲ. ಉಳಿದದ್ದು ಡಿಸ್ಕ್ ಒಂದೇ. ಹೊಸ ಗಾಡಿಯಲ್ಲಾದರೆ ಈ ಹಂತದಲ್ಲಿ ಅದು ತಾನಾಗಿ ಕೈಗೆ ಬರುತ್ತದೆ. ಹಳೆಯ ಗಾಡಿಯಲ್ಲಿ ಬರುವುದಿಲ್ಲ. ಬೀಡು ಕಬ್ಬಿಣದ ಡಿಸ್ಕಿಗೂ ಉಕ್ಕಿನ ಹಬ್ಬಿಗೂ ನಡುವೆ ವರ್ಷಗಟ್ಟಲೆ ನೀರು ಸೇರಿ, ಹುಟ್ಟಿದ ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ, ಅದು ಉಬ್ಬಿ ಹಬ್ಬಿನ ನಡುವಿನ ಕೊರಳನ್ನು ಸುತ್ತಲಿಂದಲೂ ಬಿಗಿಹಿಡಿಯುತ್ತದೆ.

ಮೊದಲ ತಡೆ ಸಣ್ಣ ಸ್ಕ್ರೂಗಳದು. ಪ್ರತಿ ಡಿಸ್ಕಿಗೆ ಎರಡು, ಪ್ಲಸ್ ತಲೆಯವು. ಇವುಗಳ ಕೆಲಸ ಚಕ್ರ ಇಲ್ಲದಿರುವಾಗ ಡಿಸ್ಕ್ ಜಾರದಂತೆ ನೋಡಿಕೊಳ್ಳುವುದಷ್ಟೇ. ಓಡುವ ಗಾಡಿಯಲ್ಲಿ ಡಿಸ್ಕನ್ನು ಒತ್ತಿ ಹಿಡಿಯುವುದು ಚಕ್ರದ ನಟ್ಟುಗಳು. ಆದರೂ ಅಲ್ಪ ಸ್ವಲ್ಪದ ಈ ಸ್ಕ್ರೂಗಳೇ ಹೆಚ್ಚು ಜನರನ್ನು ಅರ್ಧಕ್ಕೆ ನಿಲ್ಲಿಸಿ ಗ್ಯಾರೇಜಿಗೆ ಕಳಿಸುವುದು. ನಾನು ಮಾಡಿದ ತಪ್ಪನ್ನು ಮುಚ್ಚಿಡುವುದಿಲ್ಲ. ಎಡಗಡೆಯ ಮೊದಲ ಸ್ಕ್ರೂಗೆ ಕೈಗೆ ಸಿಕ್ಕಿದ 2ನೇ ನಂಬರಿನ ಸ್ಕ್ರೂಡ್ರೈವರ್ ಹಾಕಿ ತಿರುಗಿಸಿದೆ; ಅದು ಜಾರಿ ಜಾರಿ ತಲೆಯ ಪ್ಲಸ್ ಗುರುತನ್ನು ದುಂಡಗಿನ ಬಟ್ಟಲು ಮಾಡಿಬಿಟ್ಟಿತು. ಅಲ್ಲಿಗೆ ಬೇಕಾಗಿದ್ದದ್ದು 3ನೇ ನಂಬರಿನ ಬಿಟ್ ಮತ್ತು ಸುತ್ತಿಗೆಯಿಂದ ಹೊಡೆಯುವ ಕೈ ಇಂಪ್ಯಾಕ್ಟ್ ಡ್ರೈವರ್.

ಇಲ್ಲಿ ಆ ಸಾಧನದ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲಾರೆ, ಏಕೆಂದರೆ ಈ ಕೆಲಸಕ್ಕೆಂದು ಕೊಂಡ ವಸ್ತುಗಳಲ್ಲಿ ಹಾಕಿದ ಹಣಕ್ಕೆ ಅತಿ ಹೆಚ್ಚು ದುಡಿದದ್ದು ಅದೇ. ದಪ್ಪನೆಯ ಉಕ್ಕಿನ ಹಿಡಿ, ತುದಿಯಲ್ಲಿ ಬಿಟ್ ಕೂರುವ ಚೌಕ, ಒಳಗೆ ಓರೆಯಾದ ಹಳ್ಳ. ಹಿಡಿಯ ಹಿಂಬದಿಗೆ ಸುತ್ತಿಗೆ ಬಿದ್ದಾಗ ಬಿಟ್ ಸ್ಕ್ರೂವಿನ ತಲೆಯೊಳಗೆ ಬಲವಾಗಿ ಇಳಿಯುತ್ತದೆ, ಅದೇ ಗಳಿಗೆಯಲ್ಲಿ ಕೆಲವು ಡಿಗ್ರಿ ತಿರುಗುತ್ತದೆ. ಜಾರಲು ಅದಕ್ಕೆ ಎಡೆಯೇ ಸಿಗುವುದಿಲ್ಲ. ಬಿಚ್ಚುವ ದಿಕ್ಕಿಗೆ ಹೊಂದಿಸಿ, ಎಡಗೈಯಿಂದ ಅದೇ ದಿಕ್ಕಿಗೆ ಬಿಗಿಯಾಗಿ ತಿರುವಿ ಹಿಡಿದುಕೊಂಡು, ಒಂದು ಕಿಲೋ ತೂಕದ ಸುತ್ತಿಗೆಯಿಂದ ನೇರವಾಗಿ ಹೊಡೆಯಬೇಕು. ಹಿಂದಿನ ರಾತ್ರಿ ಮತ್ತು ಬೆಳಿಗ್ಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ನೆನೆಯಲು ಬಿಟ್ಟಿದ್ದ ಮೂರು ಸ್ಕ್ರೂಗಳೂ ಎರಡು ಮೂರು ಏಟಿಗೆ ಸಡಿಲಗೊಂಡವು. ನಾನು ಕೆಡಿಸಿದ್ದ ನಾಲ್ಕನೆಯದಕ್ಕೆ ಇದೂ ಸಾಲದೆ, ಸಣ್ಣ ಬಿಟ್ಟಿನಿಂದ ಶುರುಮಾಡಿ ದೊಡ್ಡದಕ್ಕೆ ಹೋಗುತ್ತಾ ಡ್ರಿಲ್ ಮಾಡಿ ಅದರ ತಲೆಯನ್ನೇ ತೆಗೆಯಬೇಕಾಯಿತು. ಡಿಸ್ಕ್ ಬಂದ ಮೇಲೆ ಹಬ್ಬಿನಲ್ಲಿ ಉಳಿದ ಮೊಂಡುತುಂಡನ್ನು ವೈಸ್ ಗ್ರಿಪ್ ಹಿಡಿದು ತಿರುಗಿಸಿದರೆ, ಇಷ್ಟು ಹೊತ್ತು ಹಟ ಹಿಡಿದಿದ್ದ ಅದು ಯಾವ ತಕರಾರೂ ಇಲ್ಲದೆ ಹೊರಬಂತು. ಬಿಗಿಯೆಲ್ಲ ಇದ್ದದ್ದು ತಲೆಯ ಓರೆಯಲ್ಲಿ, ಥ್ರೆಡ್ಡಿನಲ್ಲಿ ಅಲ್ಲ.

ಬಲಗಡೆಯ ಡಿಸ್ಕ್ ಹತ್ತು ನಿಮಿಷದಲ್ಲಿ ಬಂತು. ಚಕ್ರದ ಒಂದು ನಟ್ಟನ್ನು ಎರಡು ಸುತ್ತು ಹಾಕಿಟ್ಟು (ಬಿಟ್ಟುಕೊಂಡ ಡಿಸ್ಕ್ ಕಾಲ ಮೇಲೆ ಬೀಳಬಾರದಲ್ಲ), ಹಿಂಬದಿಯಿಂದ ಸುತ್ತಿಗೆಯಲ್ಲಿ ಒಂದು ಏಟು, ಕಾಲು ಸುತ್ತು ತಿರುಗಿಸಿ ಇನ್ನೊಂದು ಏಟು, ಹೀಗೆ ಎರಡು ಸುತ್ತು ಮುಗಿಯುವಷ್ಟರಲ್ಲಿ ಸದ್ದು ಬದಲಾಯಿತು. ಗಟ್ಟಿಯಾಗಿ ಕಚ್ಚಿಕೊಂಡ ಡಿಸ್ಕ್ ಹೊಡೆದಾಗ ಗಂಟೆಯಂತೆ ಮೊಳಗುತ್ತದೆ. ಬಿಟ್ಟುಕೊಂಡದ್ದು ಒಡೆದ ಮಡಕೆಯಂತೆ ಸದ್ದು ಮಾಡುತ್ತದೆ. ಗುಜರಿಗೆ ಹೋಗುವ ಡಿಸ್ಕಿಗೆ ಮಾತ್ರ ಈ ಉಪಚಾರ ಸಲ್ಲುತ್ತದೆ ಎಂಬುದನ್ನೂ, ಕಣ್ಣಿಗೆ ಕನ್ನಡಕವಿಲ್ಲದೆ ಇದನ್ನು ಮಾಡಬಾರದು ಎಂಬುದನ್ನೂ ಬೇರೆ ಹೇಳಬೇಕಾಗಿಲ್ಲ.

ಎಡಗಡೆಯದು ಎರಡು ಗಂಟೆ ತೆಗೆದುಕೊಂಡಿತು. ನಲವತ್ತು ಏಟಿಗೂ ಅದು ಮೊಳಗುತ್ತಲೇ ಇತ್ತು. ಅಲ್ಲಿಗೆ ನಾನು ಸುತ್ತಿಗೆಯನ್ನು ಕೆಳಗಿಟ್ಟೆ. ಡಿಸ್ಕಿಗೆ ಬೀಳುವ ಪ್ರತಿ ಏಟೂ ಹಬ್ಬಿನ ಮೂಲಕ ಚಕ್ರದ ಬೇರಿಂಗಿಗೆ ತಲುಪುತ್ತದೆ, ಮತ್ತು ಗುಂಡುಗಳು ತಮ್ಮ ಹಾದಿಯಲ್ಲಿ ಸಣ್ಣ ಗುಳಿ ಒತ್ತಿಬಿಟ್ಟರೆ ಆಮೇಲೆ ಬೇರಿಂಗ್ ಕೊರೆಯುವ ಸದ್ದು ಜೀವಮಾನದ ಸಂಗಾತಿಯಾಗುತ್ತದೆ. ಗ್ಯಾಸ್ ಟಾರ್ಚ್ ಹಿಡಿಯಲು ಸಲಹೆ ಕೊಟ್ಟವರಿದ್ದರು. ಪಕ್ಕದಲ್ಲೇ ಎಬಿಎಸ್ ಸೆನ್ಸರ್, ಬೇರಿಂಗಿನ ಗ್ರೀಸು, ರಬ್ಬರ್ ಬೂಟು ಇರುವಾಗ ಅಲ್ಲಿ ಬೆಂಕಿ ಹಿಡಿಯುವ ಧೈರ್ಯ ನನಗಿಲ್ಲ. ಅದಕ್ಕಿಂತ ಮುಖ್ಯವಾಗಿ, ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಸಿಂಪಡಿಸಿದ ಜಾಗವನ್ನು ಸುಟ್ಟರೆ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟಬಲ್ಲದು. ಇದು ಹೆದರಿಸಲು ಹೇಳುವ ಮಾತಲ್ಲ.

ಕೊನೆಗೆ ನೆರವಾದದ್ದು ಡಿಸ್ಕ್ ತಯಾರಿಸಿದವರೇ ಇಟ್ಟಿದ್ದ ಏರ್ಪಾಡು. ಬಹಳಷ್ಟು ಕಾರುಗಳ ಡಿಸ್ಕಿನ ನಡುಭಾಗದಲ್ಲಿ, ಚಕ್ರದ ನಟ್ಟು ಕೂರುವ ಸ್ಟಡ್ಡುಗಳ ತೂತುಗಳಲ್ಲದೆ, ಎದುರುಬದುರಾಗಿ ಥ್ರೆಡ್ ಇರುವ ಎರಡು ತೂತುಗಳು ಇರುತ್ತವೆ. ನನ್ನದರಲ್ಲಿ ಅವು ತುಕ್ಕು ತುಂಬಿ ಕಾಣದಂತಾಗಿದ್ದವು. ತಂತಿಯಿಂದ ಕೆದಕಿ ಸ್ವಚ್ಛ ಮಾಡಿ, 8 ಮಿಲಿಮೀಟರ್ ದಪ್ಪದ, 1.25 ಪಿಚ್ಚಿನ, 8.8 ದರ್ಜೆಯ ಎರಡು ಬೋಲ್ಟುಗಳಿಗೆ ಗ್ರೀಸ್ ಹಚ್ಚಿ ಹಾಕಿದೆ. ಬೋಲ್ಟ್ ಒಳಹೋಗಿ ಹಬ್ಬಿನ ಮುಖಕ್ಕೆ ತಾಗಿದ ಮೇಲೆ ಅದಕ್ಕೆ ಮುಂದೆ ದಾರಿಯಿಲ್ಲ, ಆದ್ದರಿಂದ ಡಿಸ್ಕೇ ಹೊರಗೆ ಬರಬೇಕು. ಒಂದಕ್ಕೆ ಕಾಲು ಸುತ್ತು, ಇನ್ನೊಂದಕ್ಕೆ ಕಾಲು ಸುತ್ತು. ಒಂದನ್ನೇ ಬಿಗಿಮಾಡುತ್ತ ಹೋದರೆ ಬೀಡು ಸೀಳಬಹುದು. ಬಿಗಿ ಏರಿದಾಗ ನಿಲ್ಲಿಸಿ, ನಡುಭಾಗಕ್ಕೆ ಸುತ್ತಿಗೆಯಿಂದ ಹಗುರವಾಗಿ ತಟ್ಟಿ, ಕೊರಳಿನ ಸುತ್ತ ಎಣ್ಣೆ ಬಿಟ್ಟು, ಕಾದು, ಮತ್ತೆ ಕಾಲು ಸುತ್ತು. ಹನ್ನೆರಡನೆಯ ಸಲವೋ ಹದಿಮೂರನೆಯ ಸಲವೋ, ಬಂದೂಕು ಹಾರಿದಂಥ ಸದ್ದಿನೊಂದಿಗೆ ಡಿಸ್ಕ್ ಹಾರಿ ಬಂದು ಕಾವಲಿದ್ದ ನಟ್ಟಿಗೆ ಬಡಿದು ನಿಂತಿತು. ನಾನೂ ಒಂದಡಿ ಹಿಂದಕ್ಕೆ ಹಾರಿದ್ದೆ.

ಹೊಸ ಡಿಸ್ಕಿನ ವಿಷಯಕ್ಕೆ ಬರುತ್ತೇನೆ. ಹಳೆಯದು ಬರಿಯ ಬೀಡಾಗಿತ್ತು. ಇದಕ್ಕೆ ಪ್ಯಾಡ್ ಉಜ್ಜುವ ಮುಖಕ್ಕೂ ನಡುಭಾಗಕ್ಕೂ ಒಳಗಿನ ಗಾಳಿದಾರಿಗೂ ಬೂದು ಬಣ್ಣದ ಸತು ಮತ್ತು ಅಲ್ಯೂಮಿನಿಯಂ ಲೇಪವಿದೆ. ಬರಿಯ ಡಿಸ್ಕುಗಳಿಗೆ ತುಕ್ಕು ಹಿಡಿಯದಂತೆ ಕಾರ್ಖಾನೆಯಲ್ಲಿ ಎಣ್ಣೆ ಸವರಿರುತ್ತಾರೆ, ಅದನ್ನು ಬ್ರೇಕ್ ಕ್ಲೀನರಿನಿಂದ ಪೂರ್ತಿ ತೊಳೆಯದಿದ್ದರೆ ಹೊಸ ಪ್ಯಾಡ್ ಮೊದಲ ದಿನವೇ ಎಣ್ಣೆ ಕುಡಿದು ಹಾಳಾಗುತ್ತದೆ. ಲೇಪವಿರುವುದನ್ನು ಒಮ್ಮೆ ಒರೆಸಿದರೆ ಸಾಕು. ಎರಡು ಡಿಸ್ಕುಗಳನ್ನೂ ಎಂಟೆಂಟು ಕಡೆ ಅಳೆದೆ. ದಪ್ಪದ ವ್ಯತ್ಯಾಸ ಎಲ್ಲಿಯೂ 0.01 ಮಿಲಿಮೀಟರ್ ಮೀರಲಿಲ್ಲ. ಒಂದರ ಅಂಚಿನಲ್ಲಿ ಅರ್ಧಚಂದ್ರಾಕಾರದಲ್ಲಿ ಕೆತ್ತಿ ತೆಗೆದ ಗುರುತಿದೆ. ಅದು ತೂಕದ ಸಮತೋಲಕ್ಕಾಗಿ ಮಾಡಿದ್ದು, ಒಡೆದು ಬಂದಿದೆ ಎಂದು ಯಾರೂ ಗಾಬರಿಯಾಗಬೇಕಾಗಿಲ್ಲ.

ಬಲಗಡೆಯ ಹಬ್ಬನ್ನು ತಂತಿ ಬ್ರಷ್ಷು ಮತ್ತು ಎಮರಿ ಕಾಗದದಿಂದ ಉಜ್ಜಿ, ಹೊಸ ಡಿಸ್ಕ್ ಇಟ್ಟು, ವಾಷರ್ ಹಾಕಿದ ಚಕ್ರದ ನಟ್ಟುಗಳಿಂದ ಎದುರುಬದುರಾಗಿ ಬಿಗಿದು, ಅಯಸ್ಕಾಂತದ ಕಾಲಿರುವ ಡಯಲ್ ಗೇಜನ್ನು ಸಸ್ಪೆನ್ಷನ್ನಿಗೆ ಅಂಟಿಸಿ, ಸೂಜಿಯನ್ನು ಡಿಸ್ಕಿನ ಅಂಚಿನಿಂದ ಹತ್ತು ಮಿಲಿಮೀಟರ್ ಒಳಗೆ ತಾಗಿಸಿ ತಿರುಗಿಸಿದೆ. ಓಲಾಟ, ಅಂದರೆ ತಿರುಗುವಾಗ ಡಿಸ್ಕಿನ ಮುಖ ಒಳಗೆ ಹೊರಗೆ ಸರಿಯುವ ದೂರ, 0.03 ಮಿಲಿಮೀಟರ್. ಹೆಚ್ಚಿನ ಕಾರುಗಳಿಗೆ 0.05 ರ ಆಸುಪಾಸು ಮಿತಿ ಎಂದಿರುವುದರಿಂದ ಇದು ಚೆನ್ನಾಗಿಯೇ ಇತ್ತು. ಎಡಗಡೆಗೆ ಬಂದು ಅದೇ ಬ್ರಷ್ಷು, ಅದೇ ಕಾಗದ, ಅಷ್ಟೇ ಹೊತ್ತು ಉಜ್ಜಿ, ಡಿಸ್ಕ್ ಇಟ್ಟು ಬಿಗಿದು ತಿರುಗಿಸಿದರೆ ಸೂಜಿ 0.12 ತೋರಿಸಿತು. ಬಿಚ್ಚಿ, ಒರೆಸಿ, ಮತ್ತೆ ಹಾಕಿದೆ, ಮತ್ತೆ 0.12.

ಈ ಅಂಕಿ ಸಣ್ಣದೆಂದು ತೋರಬಹುದು. ಆದರೆ ಓಲಾಡುವ ಡಿಸ್ಕಿನ ಎತ್ತರದ ಜಾಗ, ಬ್ರೇಕ್ ಒತ್ತದೆ ಓಡುವಾಗಲೂ ಪ್ರತಿ ಸುತ್ತಿಗೆ ಒಮ್ಮೆ ಪ್ಯಾಡನ್ನು ಸವರಿಕೊಂಡು ಹೋಗುತ್ತದೆ. ಸಾವಿರಾರು ಕಿಲೋಮೀಟರಿನಲ್ಲಿ ಆ ಜಾಗ ಸವೆದು ತೆಳ್ಳಗಾಗಿ, ಡಿಸ್ಕಿನ ದಪ್ಪವೇ ಒಂದೆಡೆಯಿಂದ ಇನ್ನೊಂದೆಡೆಗೆ ಬದಲಾಗುತ್ತದೆ, ಮತ್ತು ಬ್ರೇಕ್ ಒತ್ತಿದಾಗ ಪೆಡಲ್ಲೂ ಸ್ಟೀರಿಂಗೂ ಮಿಡಿಯುತ್ತವೆ. ‘ಡಿಸ್ಕ್ ಬಿಸಿಗೆ ಬಾಗಿದೆ’ ಎಂದು ನಾವು ಹೇಳುವ ಪ್ರಕರಣಗಳಲ್ಲಿ ಬಹುಪಾಲು ಹೀಗೆ ಹುಟ್ಟಿದ ದಪ್ಪದ ವ್ಯತ್ಯಾಸವೇ ಹೊರತು ನಿಜವಾಗಿ ಬಾಗಿದ್ದಲ್ಲ.

ನಾನು ಡಿಸ್ಕನ್ನು ಬೈದೆ. ಇದೇ ಕಿಟ್ ಕೊಂಡವರು ಬರೆದ ದೂರುಗಳಲ್ಲಿ ‘ಕೆಲವೇ ತಿಂಗಳಲ್ಲಿ ನಡುಕ ಬಂತು’ ಎಂಬುದು ಆಗಾಗ ಕಾಣಿಸಿದ್ದರಿಂದ ನನ್ನ ಅನುಮಾನಕ್ಕೆ ಬೆಂಬಲವೂ ಸಿಕ್ಕಿತ್ತು. ಪೆಟ್ಟಿಗೆಯನ್ನು ತಂದು ಡಿಸ್ಕನ್ನು ಅದರಲ್ಲಿಟ್ಟು ಅಂಟುಪಟ್ಟಿ ಹುಡುಕುತ್ತಿದ್ದಾಗ, ಒಂದು ಪರೀಕ್ಷೆಯನ್ನು ಮಾಡಿಲ್ಲ ಎಂಬುದು ನೆನಪಿಗೆ ಬಂತು. ಡಿಸ್ಕನ್ನು ಮತ್ತೆ ಹಾಕಿ, ಸೂಜಿ ಅತಿ ಹೆಚ್ಚು ತೋರಿಸುವ ಜಾಗವನ್ನು ಡಿಸ್ಕಿನ ಮೇಲೂ ಹಬ್ಬಿನ ಮೇಲೂ ಸೀಮೆಸುಣ್ಣದಿಂದ ಗುರುತಿಸಿ, ಡಿಸ್ಕನ್ನು ಬಿಚ್ಚಿ ಒಂದು ಸ್ಟಡ್ಡಿನಷ್ಟು ತಿರುಗಿಸಿ, ಸಣ್ಣ ಸ್ಕ್ರೂಗಳಿಲ್ಲದೆಯೇ ಕೂರಿಸಿ ಅಳೆಯಬೇಕು. ಎತ್ತರದ ಜಾಗ ಡಿಸ್ಕಿನ ಗುರುತಿನ ಜೊತೆ ಸರಿದರೆ ತಪ್ಪು ಡಿಸ್ಕಿನದು. ಹಬ್ಬಿನ ಗುರುತಿನ ಬಳಿಯೇ ಉಳಿದರೆ ತಪ್ಪು ಹಬ್ಬಿನದು. ನನ್ನದು ಒಂದಿಷ್ಟೂ ಸರಿಯಲಿಲ್ಲ.

ಡಿಸ್ಕ್ ತೆಗೆದು, ಕೈಗವಸನ್ನೂ ತೆಗೆದು, ಹಬ್ಬಿನ ಮುಖದ ಮೇಲೆ ಬೆರಳಿನ ಉಗುರನ್ನು ನಿಧಾನವಾಗಿ ಎಳೆದೆ. ಒಂದು ಕಡೆ ಉಗುರು ತಡೆಯಿತು. ಕಣ್ಣಿಗೆ ಅಲ್ಲಿ ಕಂಡದ್ದು ಹೊಳೆಯುವ ಒಂದು ಸಣ್ಣ ವೃತ್ತ ಮಾತ್ರ: ಡಿಸ್ಕನ್ನು ಬಿಡಿಸಲು ನಾನೇ ಹಾಕಿದ ಬೋಲ್ಟಿನ ತುದಿ ಅಷ್ಟು ಒತ್ತಡದಲ್ಲಿ ಹಬ್ಬಿನೊಳಗೆ ಚೂರು ಇಳಿದು, ತನ್ನ ಸುತ್ತ ಲೋಹವನ್ನು ದಂಡೆಯಂತೆ ಎಬ್ಬಿಸಿತ್ತು. ಎರಡನೆಯ ಬೋಲ್ಟಿನ ಕೆಳಗೂ ಹಾಗೆಯೇ ಆಗಿತ್ತು, ಆದರೆ ಅದು ಅಷ್ಟು ಎತ್ತರವಿರಲಿಲ್ಲ. ಬಲಗಡೆ ಬೋಲ್ಟ್ ಬಳಸಿರಲೇ ಇಲ್ಲ. ಆದ್ದರಿಂದಲೇ ಅಲ್ಲಿ 0.03. ತಂತಿ ಬ್ರಷ್ಷು ತುಕ್ಕನ್ನು ಕೀಳುತ್ತದೆಯೇ ಹೊರತು ಎದ್ದ ಲೋಹವನ್ನು ತಗ್ಗಿಸುವುದಿಲ್ಲ. ಚಪ್ಪಟೆಯಾದ ನಯ ಅರವನ್ನು ಹಬ್ಬಿನ ಮುಖಕ್ಕೆ ಪೂರ್ತಿ ಮಲಗಿಸಿ, ನಾಲ್ಕೈದು ಸಲ ಮೆಲ್ಲಗೆ ಆಡಿಸಿದೆ. ಉಗುರು ಎಲ್ಲಿಯೂ ತಡೆಯದಂತಾದಾಗ ನಿಲ್ಲಿಸಿ ಒರೆಸಿ, ಅದೇ ಡಿಸ್ಕನ್ನು ಮತ್ತೆ ಕೂರಿಸಿದೆ. ಸೂಜಿ 0.03 ಕ್ಕೆ ಬಂದು ನಿಂತಿತು.

ಲೆಕ್ಕ ಹಾಕಿ ನೋಡಿದರೆ ಇದು ಸಹಜವೇ. ಹಬ್ಬಿನ ಮುಖದ ಅಗಲ ಸುಮಾರು 130 ಮಿಲಿಮೀಟರ್, ಡಿಸ್ಕಿನ ಅಗಲ ಸುಮಾರು 250. ಹಬ್ಬಿನ ಅಂಚಿನ ಕಡೆ ತಲೆಗೂದಲಿಗಿಂತಲೂ ತೆಳುವಾದ, 0.05 ಮಿಲಿಮೀಟರ್ ಎತ್ತರದ ಒಂದು ಉಬ್ಬು ಇದ್ದರೆ ಡಿಸ್ಕ್ ಅಷ್ಟಕ್ಕೆ ವಾಲಿ, ಅದರ ಹೊರ ಅಂಚಿನಲ್ಲಿ ಸೂಜಿ ತೋರಿಸುವುದು ಹೆಚ್ಚು ಕಡಿಮೆ ಅದರ ಎರಡರಷ್ಟು. ನಡುಕ ಬಂತೆಂದು ದೂರಿದವರ ಕಾರುಗಳಲ್ಲಿ ಏನಾಗಿತ್ತೋ ನಾನು ಹೇಳಲಾರೆ. ಆದರೆ ಅವರಲ್ಲಿ ಡಯಲ್ ಗೇಜಿನ ಅಂಕಿ ಬರೆದವರು ಒಬ್ಬರೂ ಇರಲಿಲ್ಲ. ಹಬ್ಬನ್ನು ಸ್ವಚ್ಛ ಮಾಡಿ ಎಂದು ಕಿಟ್ಟಿನ ಚೀಟಿಯಲ್ಲಿ ಒಂದೇ ಒಂದು ಸಾಲಿದೆ. ಬೋಲ್ಟ್ ಹಾಕಿ ಬಿಡಿಸಿದರೆ ಅದರ ಗುರುತನ್ನು ಅರದಿಂದ ತಗ್ಗಿಸಿ ಎಂಬ ಇನ್ನೊಂದು ಸಾಲನ್ನು ಸೇರಿಸಲು ಅವರಿಗೆ ಜಾಗವಿತ್ತು. ಚೀಟಿಯ ಹಿಂಬದಿ ಪೂರ್ತಿ ಖಾಲಿ.

ಪ್ಯಾಡುಗಳ ಬಗ್ಗೆ. ಸದ್ದು ತಡೆಯುವ ತಗಡು ಹಿಂಬದಿಗೆ ಮೊದಲೇ ಅಂಟಿಸಿ ಬಂದಿರುವುದು ಒಳ್ಳೆಯದು. ಕ್ಯಾಲಿಪರ್ ಕೂರುವ ಬ್ರಾಕೆಟ್ಟಿನಲ್ಲಿ ಪ್ಯಾಡಿನ ಕಿವಿಗಳು ಮೊದಲು ಇಳಿಯಲೇ ಇಲ್ಲ. ಇಂಥಲ್ಲಿ ಪ್ಯಾಡಿನ ಕಿವಿಯನ್ನೇ ಅರದಿಂದ ತಿಕ್ಕುವವರಿದ್ದಾರೆ, ಅದು ತಪ್ಪು. ಉಕ್ಕಿನ ಕ್ಲಿಪ್ಪನ್ನು ಎಬ್ಬಿಸಿ ನೋಡಿದರೆ ಅದರ ಕೆಳಗೆ ತುಕ್ಕು ಹಪ್ಪಳದಂತೆ ಎದ್ದಿತ್ತು, ಅದನ್ನು ಕೆರೆದು ತೆಗೆದ ಮೇಲೆ ಪ್ಯಾಡು ಬೆರಳ ಒತ್ತಡಕ್ಕೆ ಜಾರಿತು. ಕಿಟ್ಟಿನಲ್ಲಿ ಹೊಸ ಕ್ಲಿಪ್ಪುಗಳನ್ನು ಕೊಡದಿರುವುದು ಜಿಪುಣತನ. ನನ್ನ ಹಳೆಯವುಗಳಲ್ಲಿ ಒಂದು ಸತ್ವ ಕಳೆದುಕೊಂಡಿದ್ದರಿಂದ ಬೇರೆ ಜೋಡಿ ತರಿಸುವವರೆಗೆ ಗಾಡಿ ಎರಡು ದಿನ ಸ್ಟ್ಯಾಂಡಿನ ಮೇಲೆಯೇ ನಿಂತಿತ್ತು. ಗ್ರೀಸ್ ಪೊಟ್ಟಣ ನಾಲ್ಕು ಜಾರುವ ಪಿನ್ನುಗಳಲ್ಲಿ ಎರಡಕ್ಕೆ ಸಾಲುವಷ್ಟಿತ್ತು. ಉಳಿದವಕ್ಕೆ ಬ್ರೇಕಿಗೆಂದೇ ಮಾಡಿದ ಸಿಲಿಕೋನ್ ಗ್ರೀಸ್ ಬಳಸಿದೆ. ಮನೆಯಲ್ಲಿರುವ ಸಾಮಾನ್ಯ ಪೆಟ್ರೋಲಿಯಂ ಗ್ರೀಸನ್ನು ಇಲ್ಲಿಗೆ ಹಚ್ಚಿದರೆ ಪಿನ್ನಿನ ರಬ್ಬರ್ ಉಬ್ಬಿ ಪಿನ್ನು ಸಿಕ್ಕಿಕೊಳ್ಳುತ್ತದೆ, ಪ್ಯಾಡು ಒಂದೇ ಕಡೆ ಸವೆಯುತ್ತದೆ. ನನ್ನ ಎಡಗಡೆಯ ಹಳೆಯ ಡಿಸ್ಕ್ ಬಲಗಡೆಯದಕ್ಕಿಂತ ಹೆಚ್ಚು ಸವೆದದ್ದಕ್ಕೆ ಕಾರಣವೂ ಒಣಗಿ ನಿಂತಿದ್ದ ಒಂದು ಪಿನ್ನೇ ಇರಬೇಕು.

ಸ್ಕ್ರೂಗಳ ಬಗ್ಗೆ ನನ್ನ ದೂರು ಇದು: ಓಲಾಟ ಅಳೆಯಲು ನಾಲ್ಕೈದು ಸಲ ಬಿಚ್ಚಿ ಹಾಕುವಷ್ಟರಲ್ಲಿ, ಕೈಬಿಗಿಯಷ್ಟೇ ಮಾಡಿದ್ದರೂ, ಹೊಸ ಸ್ಕ್ರೂ ಒಂದರ ತಲೆ ಮೆತ್ತಗೆ ಸವೆಯಲು ಶುರುವಾಯಿತು. ಇಷ್ಟು ಮೃದುವಾದ ಉಕ್ಕಿನ ಸ್ಕ್ರೂ ಇನ್ನೈದು ವರ್ಷ ತುಕ್ಕು ಹಿಡಿದ ಮೇಲೆ ಹೇಗಿರಬಹುದೆಂದು ಊಹಿಸಿ, ನಾಲ್ಕನ್ನೂ ಪಕ್ಕಕ್ಕಿಟ್ಟು ಅದೇ ಅಳತೆಯ, ಅಲೆನ್ ಕೀ ಕೂರುವ ಗಡಸು ಸ್ಕ್ರೂಗಳನ್ನು ತಂದು, ಥ್ರೆಡ್ಡಿಗೆ ಕಚ್ಚಿಕೊಳ್ಳದಂತೆ ತಡೆಯುವ ಪೇಸ್ಟನ್ನು ಒಂದು ಚುಕ್ಕೆಯಷ್ಟು ಹಚ್ಚಿ ಹಾಕಿದೆ. ಹಬ್ಬಿನ ಕೊರಳಿಗೂ ಅದೇ ಪೇಸ್ಟನ್ನು ಬೆರಳಿನಿಂದ ತೆಳ್ಳಗೆ ಸವರಿದೆ. ಚಪ್ಪಟೆ ಮುಖಕ್ಕೆ ಮಾತ್ರ ಏನನ್ನೂ ಹಚ್ಚಲಿಲ್ಲ. ಕೂದಲೆಳೆಗಿಂತ ಕಡಿಮೆ ಎತ್ತರಕ್ಕಾಗಿ ಅರ್ಧ ದಿನ ಹೋರಾಡಿದ ಜಾಗಕ್ಕೆ ಮತ್ತೆ ಪೇಸ್ಟಿನ ಪದರ ಬಳಿಯುವುದು ನನಗೆ ಸರಿಕಾಣಲಿಲ್ಲ.

ಕ್ಯಾಲಿಪರಿನಲ್ಲಿ ಪ್ಯಾಡನ್ನು ತಳ್ಳುವ ಪಿಸ್ಟನ್ನುಗಳನ್ನು ಹಿಂದಕ್ಕೆ ಒತ್ತುವಾಗ ಬಾನೆಟ್ ತೆರೆದು ಬ್ರೇಕ್ ಆಯಿಲ್ ಡಬ್ಬಿಯ ಮೇಲೆ ಕಣ್ಣಿಡಬೇಕು. ಹಿಂದೆ ಸರಿದ ಎಣ್ಣೆಯೆಲ್ಲ ಅಲ್ಲಿಗೆ ಬರುತ್ತದೆ, ತುಳುಕಿದರೆ ಬಣ್ಣವನ್ನು ತಿನ್ನುತ್ತದೆ. ಬ್ರಾಕೆಟ್ಟಿನ ಬೋಲ್ಟ್ ಮತ್ತು ಪಿನ್ನಿನ ಬೋಲ್ಟುಗಳನ್ನು ಕಾರಿನ ಕೈಪಿಡಿಯಲ್ಲಿರುವ ಅಂಕಿಗೆ ಟಾರ್ಕ್ ರೆಂಚಿನಲ್ಲಿ ಬಿಗಿದೆ. ಕೆಲಸ ಮುಗಿಯಿತೆಂದು ತಮ್ಮನನ್ನು ಸೀಟಿನಲ್ಲಿ ಕೂರಿಸಿ ಬ್ರೇಕ್ ಒತ್ತಲು ಹೇಳಿದಾಗ ಅವನು, “ಅಣ್ಣಾ, ಪೆಡಲ್ ಸೀದಾ ಕೆಳಗೆ ಹೋಗ್ತಾ ಇದೆ, ಬ್ರೇಕೇ ಇಲ್ಲ!” ಎಂದು ಕೂಗಿದ. ಪಿಸ್ಟನ್ನು ಹಿಂದೆ ಹೋಗಿರುವಾಗ ಅದು ಹಾಗೆಯೇ ಇರುತ್ತದೆ. ಎಂಟು ಹತ್ತು ಸಲ ಒತ್ತಿದ ಮೇಲೆ ಪಿಸ್ಟನ್ನು ಮುಂದೆ ಬಂದು ಪ್ಯಾಡು ಡಿಸ್ಕಿಗೆ ತಾಗಿ ಪೆಡಲ್ ಗಟ್ಟಿಯಾಗುತ್ತದೆ. ಆಮೇಲೂ ಪೆಡಲ್ ಮೆತ್ತಗಿದ್ದರೆ ಪೈಪಿನಲ್ಲಿ ಗಾಳಿಯಿದೆ ಎಂದರ್ಥ, ಅದನ್ನು ತೆಗೆಯದೆ ಗಾಡಿ ಹೊರಡಿಸುವಂತಿಲ್ಲ. ಇಷ್ಟನ್ನು ಗಾಡಿ ಅಲುಗಿಸುವ ಮೊದಲೇ ಮಾಡಬೇಕೆಂಬುದು ಚೀಟಿಯಲ್ಲಿ ದಪ್ಪಕ್ಷರದಲ್ಲಿದೆ, ಅದಕ್ಕೆ ಅವರನ್ನು ಹೊಗಳುತ್ತೇನೆ.

ಹೊಸ ಪ್ಯಾಡನ್ನು ಹದಕ್ಕೆ ತರಲು ಖಾಲಿ ರಸ್ತೆಯಲ್ಲಿ ಗಂಟೆಗೆ 60 ಕಿಲೋಮೀಟರಿನಿಂದ 20 ಕ್ಕೆ ಹತ್ತು ಸಲ ಇಳಿಸಿ, ನಡುನಡುವೆ ಆರಲು ಬಿಟ್ಟೆ. ಬಿಸಿಯಾಗಿರುವಾಗ ಪೂರ್ತಿ ನಿಲ್ಲಿಸಿ ಪೆಡಲ್ ಒತ್ತಿ ಹಿಡಿದರೆ ಪ್ಯಾಡಿನ ಅಚ್ಚು ಡಿಸ್ಕಿನ ಒಂದೇ ಜಾಗದಲ್ಲಿ ಮೂಡುತ್ತದೆ, ಆದ್ದರಿಂದ ನಿಲ್ಲಿಸಲಿಲ್ಲ. ಮೊದಲ 300 ಕಿಲೋಮೀಟರ್ ಹಿಡಿತ ತುಸು ಕಡಿಮೆ ಎನ್ನಿಸಿತು, ನಂತರ ಸರಿಹೋಯಿತು. ಗಾಡಿ ರಾತ್ರಿಯಿಡೀ ನಿಂತಿದ್ದ ಮುಂಜಾನೆಗಳಲ್ಲಿ ಮೊದಲ ಎರಡು ಮೂರು ಬ್ರೇಕಿಗೆ ಒಂದು ಸಣ್ಣ ಕೀರಲು ಸದ್ದು ಈಗಲೂ ಇದೆ. ಅದು ನನಗೆ ತೊಂದರೆಯೆನಿಸಿಲ್ಲ, ಸದ್ದು ಸಹಿಸದವರು ಬೇರೆ ಪ್ಯಾಡ್ ನೋಡಿಕೊಳ್ಳಬಹುದು. ಚಕ್ರಕ್ಕೆ ಅಂಟುವ ಕಪ್ಪು ಧೂಳು ಮೊದಲಿಗಿಂತ ಸ್ವಲ್ಪ ಹೆಚ್ಚು.

ಇದೇ ಡಿಸ್ಕುಗಳನ್ನು ನಾನು ಮತ್ತೆ ಕೊಳ್ಳುತ್ತೇನೆ. ಕ್ಲಿಪ್ಪು, ಗ್ರೀಸು ಮತ್ತು ಸ್ಕ್ರೂಗಳನ್ನು ಮೊದಲೇ ಬೇರೆಯಾಗಿ ತರಿಸಿಟ್ಟುಕೊಂಡು. ಇಂಪ್ಯಾಕ್ಟ್ ಡ್ರೈವರ್, ಟಾರ್ಕ್ ರೆಂಚ್ ಮತ್ತು ಡಯಲ್ ಗೇಜ್ ಇಲ್ಲದವರು, ಅಥವಾ ಎರವಲು ಸಿಗದವರು, ಕಚ್ಚಿಕೊಂಡ ಡಿಸ್ಕಿನ ಕೆಲಸವನ್ನು ಗ್ಯಾರೇಜಿಗೇ ಕೊಡುವುದು ಲೇಸು. ಹಿಂದಿನ ಚಕ್ರಗಳಿಗೂ ಡಿಸ್ಕ್ ಇರುವ ಕಾರಿನಲ್ಲಿ ಹ್ಯಾಂಡ್ ಬ್ರೇಕಿನ ಶೂಗಳು ಡಿಸ್ಕಿನೊಳಗೇ ಇರಬಹುದು, ಅಥವಾ ಪಿಸ್ಟನ್ನನ್ನು ತಿರುಗಿಸಿ ಒಳಗೆ ಕಳಿಸಬೇಕಾಗಬಹುದು. ಅದು ಬೇರೆಯದೇ ಕೆಲಸ, ಈ ಕಿಟ್ಟಿಗೆ ಸಂಬಂಧಿಸಿದ್ದಲ್ಲ.

ಮೊನ್ನೆ ಬಿಚ್ಚಿ ನೋಡಿದಾಗ ಎರಡೂ ಕಡೆ ನಡುಭಾಗದ ಬೂದು ಲೇಪ ಹಾಗೆಯೇ ಉಳಿದಿತ್ತು. ಪ್ಯಾಡ್ ಉಜ್ಜುವ ಮುಖದಲ್ಲಿ ಅದು ಮೊದಲ ದಿನವೇ ಸವೆದುಹೋಗಿದೆ, ಹೋಗಬೇಕಾದದ್ದೂ ಹೌದು. ದಪ್ಪ 21.9 ಮಿಲಿಮೀಟರ್, ಎಂಟೂ ಕಡೆ. ಓಲಾಟ ಬಲಗಡೆ 0.03, ಎಡಗಡೆಯೂ 0.03. ಎಡಗಡೆಯ ಎರಡು ಸ್ಕ್ರೂಗಳನ್ನು ಅಲೆನ್ ಕೀಯಿಂದ ಬಿಚ್ಚಿ, ಅಭ್ಯಾಸಬಲದಿಂದ ಕಾವಲಿಗೆ ಒಂದು ನಟ್ಟು ಹಾಕಿ, ಸುತ್ತಿಗೆಗೆ ಕೈಚಾಚುವ ಮೊದಲು ಸುಮ್ಮನೆ ಎರಡೂ ಕೈಯಿಂದ ಡಿಸ್ಕನ್ನು ಹಿಡಿದು ಎಳೆದೆ. ಬಂತು.